ಹಜೀರಾ ಬಿಚ್ಚಿದ ಮೇಷ್ಟ್ರ ವಾಚು

ಮುಳಬಾಗಿಲಿನ ಬಸ್ ನಿಲ್ದಾಣದ ಹತ್ತಿರ ಮೂವತ್ತು ವರ್ಷದಿಂದ ವಾಚ್ ರಿಪೇರಿ ಮಾಡುತ್ತಿರುವ ಹಜೀರಾಳನ್ನು ಹೊಸಬರು ಕೇಳುವ ಮೊದಲ ಪ್ರಶ್ನೆ ಒಂದೇ: ರಿಪೇರಿಯವರು ಎಲ್ಲಿ? ಅವಳು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ, ಖಬರಸ್ತಾನದಲ್ಲಿದ್ದಾರೆ, ಹೋಗಿ ಕೇಳಿ, ಉತ್ತರ ಬಂದರೆ ನನಗೂ ತಿಳಿಸಿ ಅನ್ನುತ್ತಾಳೆ. ಸುಳ್ಳೇನಲ್ಲ. ಅವಳಿಗೆ ಕೆಲಸ ಕಲಿಸಿದ ಅಪ್ಪ ಓಬೇದುಲ್ಲಾ ಮಲಗಿರುವುದು ಅಲ್ಲೇ. ಗಂಡುಮಕ್ಕಳಿಬ್ಬರೂ ಸೇರಿ ಒಂದು ಅಲಾರಂ ಗಡಿಯಾರ ಬಿಚ್ಚಿ, ಮತ್ತೆ ಜೋಡಿಸುವಾಗ ಬೊಗಸೆ ತುಂಬ ಚಕ್ರ ಉಳಿಸಿದ ಮೇಲೆ ಆತ ಬೇರೆ ದಾರಿ ಕಾಣದೆ ಮಗಳ ಕೈಗೆ ಚಿಮಟ ಕೊಟ್ಟಿದ್ದ.

ಕಳೆದ ಮೇ ತಿಂಗಳಲ್ಲಿ ನಿವೃತ್ತ ಹೆಡ್‌ಮಾಸ್ಟರ್ ನರಸಿಂಹಪ್ಪನವರು ಅವಳ ಅಂಗಡಿಗೆ ಬಂದದ್ದು ಜಗಳಕ್ಕೆ. ಅವರ ಹಿಂದೆಯೇ ಹೆಂಡತಿ ಆದಿಲಕ್ಷ್ಮಮ್ಮ ಬಂದದ್ದು ಜಗಳ ನೋಡುವುದಕ್ಕೆ.

ಮೇಷ್ಟ್ರಿಗೆ ಮೊಬೈಲಿನ ಮೇಲೆ ನಂಬಿಕೆಯಿರಲಿಲ್ಲ. ಬೀಳ್ಕೊಡುಗೆಯಲ್ಲಿ ಬಂದ, ತಾರೀಖೂ ತೋರಿಸುವ, ಕೀಲಿ ಕೊಡುವ ವಾಚು ಹೇಳಿದ್ದೇ ಅವರಿಗೆ ವೇದ. ಶ್ರೀನಿವಾಸಪುರದಲ್ಲಿ ಅಕ್ಕನ ಮೊಮ್ಮಗಳು ರಮ್ಯಳ ಮದುವೆ ಹದಿನೆಂಟನೇ ತಾರೀಖಿಗೆ ಇತ್ತು. ಅಂದು ಬೆಳಗ್ಗೆ ಹೆಂಡತಿ ರೇಷ್ಮೆ ಸೀರೆ ಉಟ್ಟು ನಿಂತರೆ, ಇವರು ಮಣಿಕಟ್ಟು ಚಾಚಿ ಹದಿನೇಳು ತೋರಿಸಿದರು. ಕ್ಯಾಲೆಂಡರಿನ ಹಾಳೆಯನ್ನು ಯಾರೋ ಒಂದು ದಿನ ಬೇಗ ಹರಿದಿದ್ದಾರೆ ಎಂದರು. ಆಕೆ ವಾದಿಸಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಹೋಗಿ, ಅಕ್ಷತೆ ಹಾಕಿ, ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡು, ಸಂಜೆಗೆ ತಾಂಬೂಲದ ಚೀಲದೊಂದಿಗೆ ಮನೆಗೆ ಬಂದಳು. ಮುಹೂರ್ತವನ್ನು ಒಂದು ದಿನ ಹಿಂದಕ್ಕೆ ಎಳೆದಿದ್ದಾರೆ ಎಂದು ಮೇಷ್ಟ್ರು ಬೀಗರನ್ನು ಬೈದರು. ಆದರೂ ಲಗ್ನಪತ್ರಿಕೆಯಲ್ಲಿದ್ದದ್ದು ಹದಿನೆಂಟೇ ಎಂದು ಮಾರನೆಯ ದಿನ ಜರಿ ಪಂಚೆ ಉಟ್ಟು ತಾವೂ ಹೋದರು. ಛತ್ರದಲ್ಲಿ ಕೊಪ್ಪರಿಗೆ ತೊಳೆಯುತ್ತಿದ್ದವರು ಅವರಿಗೆ ಉಳಿದ ಚಿತ್ರಾನ್ನ ಕೊಟ್ಟು, ಇನ್ನೊಂದು ಮದುವೆ ಗುರುವಾರಕ್ಕಿದೆ, ಅದಕ್ಕಾದರೂ ಬೇಗ ಬನ್ನಿ ಎಂದರಂತೆ.

“ಮಾರ್ಚಿನಲ್ಲಿ ಆಯಿಲ್ ಹಾಕಿದ್ದು ನೀನೇ ಅಲ್ವೇನಮ್ಮಾ? ಮುಟ್ಟಿ ಕೆಡಿಸಿದ್ದೀಯ,” ಎಂದರು ಮೇಷ್ಟ್ರು. ಪಕ್ಕದ ಟೀ ಅಂಗಡಿಯವರೆಲ್ಲ ಲೋಟ ಹಿಡಿದೇ ಇತ್ತ ತಿರುಗಿದರು. ಹೆಂಗಸರ ಕೈಗೆ ಯಂತ್ರ ಕೊಟ್ಟದ್ದೇ ತಪ್ಪು ಎಂಬ ಮಾತೂ ಮೇಷ್ಟ್ರ ಬಾಯಿಂದ ಬಂತು. ಹಜೀರಾಳ ಕಿವಿ ಬಿಸಿಯಾಯಿತು. ಆದರೆ ಚಿಮಟ ಹಿಡಿದವರು ನಡುಗಬಾರದು ಎಂದು ಅಪ್ಪ ಕಲಿಸಿದ್ದ. ಅವಳು ಸುಮ್ಮನೆ ವಾಚು ಬಿಚ್ಚಿ, ಮುಳ್ಳು ಮತ್ತು ಡಯಲ್ ತೆಗೆದಿಟ್ಟು, ಭೂತಗನ್ನಡಿಯನ್ನು ಅವರ ಕೈಗೇ ಕೊಟ್ಟಳು.

ಗಂಟೆ ಮುಳ್ಳಿನ ಚಕ್ರ ದಿನಕ್ಕೆ ಎರಡು ಸುತ್ತು ಹಾಕುತ್ತದೆ. ಅದು ತಿರುಗಿಸುವ ದೊಡ್ಡ ಚಕ್ರ ದಿನಕ್ಕೆ ಒಂದೇ ಸುತ್ತು. ಆ ಚಕ್ರಕ್ಕೊಂದು ಪುಟ್ಟ ಬೆರಳಿದೆ. ಅಂಚಿನಲ್ಲಿರುವ ತಾರೀಖಿನ ಬಳೆಗೆ ಮೂವತ್ತೊಂದು ಹಲ್ಲು. ಬೆರಳು ರಾತ್ರಿ ಒಂಬತ್ತರ ಸುಮಾರಿಗೆ ಒಂದು ಹಲ್ಲಿನ ಸಂದಿಗೆ ಹೋಗಿ, ನಿಧಾನಕ್ಕೆ ನೂಕಿ, ಮೂರು ಗಂಟೆಯ ಹೊತ್ತಿಗೆ ಹೊರಗೆ ಬರುತ್ತದೆ. ಅಷ್ಟರಲ್ಲಿ ತಾರೀಖು ಬದಲಾಗಿರುತ್ತದೆ. ಇಷ್ಟನ್ನೂ ಅವಳು ಒಂದೊಂದಾಗಿ ಮುಟ್ಟಿ ತೋರಿಸಿದಳು. ಬೆರಳಿನ ತುದಿ ಮುರಿದಿತ್ತು. ಹೆಚ್ಚಿನ ದಿನ ಹಲ್ಲಿಗೆ ಸಿಗುತ್ತಿತ್ತು, ಎಲ್ಲೋ ಒಂದು ದಿನ ಜಾರಿತ್ತು.

“ಬೆರಳು ಸಂದೀಲಿರೋವಾಗ ಕೀಲಿ ಎಳೆದು ತಾರೀಖು ತಿರುಗಿಸಿದ್ರೆ ಹಿಂಗೆ ಮುರಿಯುತ್ತೆ ಮೇಷ್ಟ್ರೇ. ಏಪ್ರಿಲ್‌ಗೆ ಮೂವತ್ತೇ ದಿನ. ನೀವು ಯಾವ ಹೊತ್ತಲ್ಲಿ ತಿರುಗಿಸಿದ್ರಿ?”

ಮೇಷ್ಟ್ರು ಭೂತಗನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

“ಚೆಪ್ಪಂಡಿ, ಹೇಳ್ಬಿಡಿ,” ಎಂದಳು ಆದಿಲಕ್ಷ್ಮಮ್ಮ. ಕಾಯದೆ ತಾನೇ ಹೇಳಿದಳು. ಒಂದನೇ ತಾರೀಖು ಎದ್ದು ಮೂವತ್ತೊಂದು ನೋಡುವುದನ್ನು ಅವರು ಸಹಿಸರು. ಅದಕ್ಕೇ ಮೂವತ್ತರ ರಾತ್ರಿ, ವಾರ್ತೆ ಮುಗಿದೊಡನೆ, ಹನ್ನೊಂದು ಗಂಟೆಗೆ ಮಂಚದ ಮೇಲೆ ಕೂತು ತಿರುಗಿಸಿದ್ದರು. ಟಕ್ ಎಂದು ಸದ್ದಾದದ್ದನ್ನು ಅವಳೂ ಕೇಳಿದ್ದಳು. ಮಂಚ ಎಂದುಕೊಂಡಿದ್ದಳಂತೆ.

ಟೀ ಅಂಗಡಿಯವರ ನಗು ನಿಲ್ಲಲು ಸುಮಾರು ಹೊತ್ತು ಹಿಡಿಯಿತು. ಹಜೀರಾ ನಗಲಿಲ್ಲ. ನಗದೆ ಇರುವುದು ಕಷ್ಟವಾಗಿ, ಡಬ್ಬಿಯಲ್ಲಿ ಹಳೇ ವಾಚುಗಳ ನಡುವೆ ಅದೇ ಅಳತೆಯ ಬೆರಳು ಹುಡುಕುವ ನೆಪದಲ್ಲಿ ಬಗ್ಗಿದಳು. ಸಿಕ್ಕಿತು. ಕೂರಿಸಿಕೊಟ್ಟಳು. ಇನ್ನು ಮೇಲೆ ಬೆಳಗ್ಗೆ ಹತ್ತಕ್ಕೆ ತಿರುಗಿಸಿ ಎಂದಳು. ಮೇಷ್ಟ್ರು ಕ್ಷಮೆ ಕೇಳಲಿಲ್ಲ. ಹೋಗುವಾಗ ಕನ್ನಡಕ ಒರೆಸಿಕೊಂಡು, “ಆ ದೊಡ್ಡ ಚಕ್ರ ಇನ್ನೊಂದ್ಸಲ ತೋರ್ಸಮ್ಮ,” ಎಂದರು.

ತಿಂಗಳು ಕಳೆದ ಮೇಲೆ ಭಾರತಮ್ಮ ಎಂಬಾಕೆ ಸತ್ತ ಗಂಡನ ವಾಚು ತಂದಳು. ರಾತ್ರಿ ಒಂಬತ್ತರಿಂದ ಮೂರರವರೆಗೆ ತಾರೀಖು ಮುಟ್ಟಬಾರದು ಎಂದು ಪಿಂಚಣಿ ಸಾಲಿನಲ್ಲಿ ನರಸಿಂಹಪ್ಪ ಮೇಷ್ಟ್ರು ಎಲ್ಲರಿಗೂ ಪಾಠ ಮಾಡಿದರೆಂದೂ, ನಿನಗೂ ಅವರೇ ಕಲಿಸಿದ್ದಂತಲ್ಲ ಎಂದೂ ಕೇಳಿದಳು.

ಹಜೀರಾ ಚಿಮಟ ಕೆಳಗಿಟ್ಟು ವಾಚನ್ನು ಕೈಗೆ ತೆಗೆದುಕೊಂಡಳು.

“ಹೌದಮ್ಮ. ತಮ್ಮ ವಾಚೇ ಮುರಿದು ಕಲಿಸಿದ್ರು,” ಎಂದು, ಭಾರತಮ್ಮನ ವಾಚಿನ ಹಿಂದಿನ ಮುಚ್ಚಳ ತೆರೆಯತೊಡಗಿದಳು.