ಕಾಕೂ ಹೊಲಿದ ಬನಿಯನ್ನುಗಳು

ಆಕೆಯ ಬಲಗೈ ಹೆಬ್ಬೆರಳಿನ ಉಗುರು ವರ್ಷವಿಡೀ ಹಳದಿ. ಬಸವಕಲ್ಯಾಣದ ನಮ್ಮ ಓಣಿಗೆಲ್ಲ ಆಕೆ ಹೊಲಿಗೆ ಕಾಕೂ. ಮಷಿನ್ನಿನ ಪಕ್ಕದ ಬಟ್ಟಲಲ್ಲಿ ಕಲಸಿದ ಅರಿಶಿನ ಸದಾ ಇರುತ್ತಿತ್ತು. ಮದುವಣಗಿತ್ತಿಯ ರವಿಕೆಯಾಗಲಿ, ಪೊಲೀಸರ ಚಡ್ಡಿಯಾಗಲಿ, ಅಂಚಿಗೆ ಒಂದು ಬೊಟ್ಟು ಬೀಳದೆ ಆಕೆಯ ಹೊಸ್ತಿಲು ದಾಟುತ್ತಿರಲಿಲ್ಲ. ಹೊಸ ಬಟ್ಟೆಗೆ ಅರಿಶಿನ ಹಚ್ಚುವ ರೂಢಿ ನಮ್ಮೆಲ್ಲರ ಮನೆಯಲ್ಲೂ ಇತ್ತು. ನಾವು ಮರೆಯುತ್ತಿದ್ದೆವು, ಆಕೆ ಮರೆಯುತ್ತಿರಲಿಲ್ಲ.

ಒಮ್ಮೆ ಮಾತ್ರ ಮರೆತಿದ್ದಳಂತೆ. ಗಂಡ ಹೊಸ ಅಂಗಿ ತೊಟ್ಟು ಅವಸರದಲ್ಲಿ ಹೈದರಾಬಾದಿಗೆ ಹೋದ. ಊರಿಗೆ ಹೆಣ ತಂದಾಗ ಅದೇ ಅಂಗಿ ಮೈಮೇಲಿತ್ತು. ಆಮೇಲೆ ಗಂಡನಿಲ್ಲದವಳ ಕೈಯ ಅರಿಶಿನವೆಂದು ಯಾರೂ ಮೂಗು ಮುರಿಯಲಿಲ್ಲ. ಆ ಬೊಟ್ಟಿಲ್ಲದ ಬಟ್ಟೆಗೇ ಓಣಿ ಅಂಜುತ್ತಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ತರುಣ ಸಂಘಕ್ಕೆ ಒಂದು ಹುರುಪು ಬಂತು. ಹುಮನಾಬಾದಿನ ಅನಾಥ ಮಕ್ಕಳ ವಸತಿಗೆ ಚಾವಣಿ ಹಾಕಿಸಲು ಅಲ್ಲಿಯವರೆಗೆ ಓಡುತ್ತ, ದಾರಿಯುದ್ದಕ್ಕೂ ಚಂದಾ ಎತ್ತುವುದು. ಎಲ್ಲರಿಗೂ ಒಂದೇ ನಮೂನೆಯ ಬನಿಯನ್ ಬೇಕು: ಬಿಳಿ ಮೈ, ಎದೆಯ ಮೇಲೆ ಕೆಂಪು ಬಟ್ಟೆ ಕತ್ತರಿಸಿ ಹೊಲಿದ ಸಂಘದ ಹೆಸರು. ಕಾಕೂನ ಪಕ್ಕದ ಮನೆಯವನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನೂ ತಂಡಕ್ಕೆ ಸೇರಿಸಿಕೊಂಡರು. ಓಡುವುದು ನನಗೆ ನಾಯಿ ಕಂಡಾಗ ಮಾತ್ರ ಬರುತ್ತಿತ್ತು.

ದಿನಾ ಹೋಗಿ ಆಕೆಯ ತಲೆ ತಿನ್ನುತ್ತಿದ್ದೆ.

"ಕಾಕೂ, ಒಗೆದ್ರ ಗಿಡ್ಡ ಆಗ್ತಾವೇನ್ರಿ?"

ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಆಕೆ ಹೇಳಿದಳು: "ಗಿಡ್ಡ ಆದ್ರ ಹೊಟ್ಟಿ ಕಾಣ್ತದ ತಮ್ಮಾ, ಜೀವ ಹೋಗಲ್ಲ. ಕೆಂಪು ಬಣ್ಣ ಬಿಡ್ತದೋ ಅಂತ ಕೇಳಬ್ಯಾಡ ಮತ್ತ, ನಿನ್ನೇನೇ ಕೇಳಿದಿ."

ಓಟದ ಹಿಂದಿನ ಸಂಜೆ ಆಕೆಯ ಮಗ ತನ್ನ ಬನಿಯನ್ನನ್ನು ಮಷಿನ್ನಿನ ಮೇಲಿಂದಲೇ ಎಳೆದು ತೊಟ್ಟು ಗೆಳೆಯರಿಗೆ ತೋರಿಸಲು ಹೋದ. ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವನು ಅವನೇ. ಆಕೆಗೆ ಉಳಿದ ಒಬ್ಬನೇ ಮಗ. ಉಳಿದ ಬನಿಯನ್ನುಗಳಿಗೆಲ್ಲ ಅರಿಶಿನ ಬಿತ್ತು. ಅವನದಕ್ಕೆ ಬಿದ್ದಿಲ್ಲವೆಂದು ಆಕೆಗೆ ಹೊಳೆದದ್ದು ಮರುದಿನ ನಾವು ಊರು ಬಿಟ್ಟ ಮೇಲೆ. ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹುಮನಾಬಾದ ಬಸ್ಸು ಹತ್ತಿದಳು.

ಇತ್ತ ನಾನು ಎಲ್ಲರ ಹಿಂದೆ, ಬಿಸಿಲಿಗೆ ತಲೆ ತಿರುಗೀತು, ಹೊಸ ಬೂಟು ಕಚ್ಚೀತು, ಚಂದಾ ಡಬ್ಬಿ ಕಳೆದೀತು ಎಂದು ಹೆದರುತ್ತ ಕಾಲೆಳೆಯುತ್ತಿದ್ದೆ. ಹೆದ್ದಾರಿ ಸೇರಿದ ಮೇಲೆ ಲಾರಿಗಳು ಮೈಮೇಲೆ ಬಂದಂತೆ ಹಾದುಹೋಗುತ್ತಿದ್ದವು. ಒಂದು ಚಹಾದಂಗಡಿಯ ಮುಂದೆ ತಂಡ ನೀರು ಕುಡಿಯಲು ನಿಂತಿದ್ದಾಗ ಬಸ್ಸೊಂದು ಗಕ್ಕನೆ ನಿಂತಿತು. ಕಾಕೂ ಇಳಿದಳು.

"ಏ, ನಿಂದು ಹಚ್ಚಿಲ್ಲೋ! ನಿಲ್ಲು!"

ಚಹಾ ಕುಡಿಯುತ್ತಿದ್ದವರು ನಕ್ಕರು. ಮಗ ನಾಚಿ ರಸ್ತೆಯ ಆಚೆ ಬದಿಗೆ ಓಡಿದ; ಬೊಟ್ಟಿಲ್ಲದ ಬನಿಯನ್ನಿನಲ್ಲಿ ಲಾರಿಗಳ ನಡುವೆ ಅವನು ನುಗ್ಗಿದ್ದು ಕಂಡು ನಾನು ಹೆದರಿದೆ. "ಅವ್ವಾ, ಮಂದಿ ನಗಾಕತ್ತಾರ, ಮನಿಗಿ ಹೋಗು!"

"ನಗಲಿ. ಓಡಾವ ಅವರ ಮಗ ಅಲ್ಲ."

ಎರಡೂ ಕಡೆ ನೋಡಿ ರಸ್ತೆ ದಾಟಿದಳು. ಅವನ ರಟ್ಟೆ ಹಿಡಿದು ನಿಲ್ಲಿಸಿ, ಬಗ್ಗಿ, ಬನಿಯನ್ನಿನ ಅಂಚಿಗೆ ಹೆಬ್ಬೆರಳು ಒತ್ತಿದಳು. "ಈಗ ಓಡು. ಬೇಕಾದಷ್ಟು ಓಡು." ಆಕೆಯ ಮುಖದಲ್ಲಿ ಅಷ್ಟು ನಿರಾಳವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಬಸ್ಸಿನವನು ಹಾರ್ನ್ ಒತ್ತಿದ. "ಬಂದ್ನೆಪ್ಪಾ" ಎನ್ನುತ್ತ ಆಕೆ ಓಡಿಬಂದಳು. ಈ ಸಲ ಯಾವ ಕಡೆಯೂ ನೋಡಲಿಲ್ಲ. ನಿಂತ ಬಸ್ಸನ್ನು ಹಿಂದೆ ಹಾಕಿ ನುಗ್ಗಿದ ಲಾರಿ ಆಕೆಗೆ ಕಾಣಲೂ ಇಲ್ಲ.

ಅದೇ ಬಸ್ಸಿನಲ್ಲಿ ಆಕೆಯನ್ನು ಹುಮನಾಬಾದಿನ ಆಸ್ಪತ್ರೆಗೆ ಒಯ್ದೆವು. ದಾರಿಯಲ್ಲೇ ಎಲ್ಲ ಮುಗಿಯಿತು. ಮಗ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ; ಬನಿಯನ್ನಿನ ಅಂಚಿನ ಅರಿಶಿನ ಇನ್ನೂ ಹಸಿಯಾಗಿತ್ತು. ಆ ಮುಂಜಾನೆ ನಾನು ನನಗಾಗಿ, ಅವನಿಗಾಗಿ, ಡಬ್ಬಿಗಾಗಿ ಕೂಡ ಹೆದರಿದ್ದೆ. ಆಕೆಗಾಗಿ ಹೆದರಬೇಕೆಂದು ನನಗೆ ತೋಚಿರಲೇ ಇಲ್ಲ.