ಕಡಲೆ ಹೊಲದ ಬಿಳಿ ಬಟ್ಟೆ

ಚಳಿಗಾಲದ ಬೆಳಗಿನ ಓಟ ಮೈಗೆ ಒಳ್ಳೆಯದು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಜಹೀರಾಬಾದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ. ಹುಡುಗರ ಹೈಸ್ಕೂಲಿನ ಡ್ರಿಲ್ ಮಾಸ್ತರರು ಒಂದು ಚಳಿಗಾಲ ಹೊಲಗಳ ನಡುವೆ ಹಾದುಹೋಗುವ ಓಟ ಏರ್ಪಡಿಸಿ, ಸ್ವಯಂಸೇವಕಿಯಾಗಿ ಬಾ ಎಂದರು. ಕೇಳಿದ್ದಲ್ಲ, ಹೇಳಿದ್ದು. ನಮ್ಮ ಓಣಿಯವರೇ, ಆದರೆ ಕೊರಳಿಗೆ ಸೀಟಿ ಬಿದ್ದ ಮೇಲೆ ಅವರಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ.

ನಾನು ಒಪ್ಪಿದ್ದು ತಮ್ಮನಿಗಾಗಿ. ಮೊದಲ ಇಬ್ಬರನ್ನು ಜಿಲ್ಲೆಯ ತಂಡಕ್ಕೆ ತೆಗೆದುಕೊಳ್ಳುತ್ತಿದ್ದರು. ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು: "ಆರಿಸಿ ಬಂದಿ ಅಂದ್ರ ಕಾಲೇಜಿಗಿ ಹೋಗು. ಇಲ್ಲಾಂದ್ರ ತಾಂಡೂರಾಗ ಕಾಕಾನ ಸಂಗಟ ಬ್ಯಾಳಿ ಮಿಲ್ಲಿಗಿ." ತಮ್ಮ ಮಳೆಗಾಲದಿಂದಲೂ ಬದುಗಳ ಮೇಲೆ ಓಡಿದ್ದ.

ಆವತ್ತಿನ ಚಳಿಯನ್ನು ನಾನು ಕ್ಷಮಿಸಿಲ್ಲ. ಕೊಹೀರ್ ಕಡೆಯ ಒಂದು ಬಾವಿಯ ಹತ್ತಿರ, ಓಟಗಾರರು ಹಿಂತಿರುಗುವ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ಬಂದವರ ಕೊರಳಿಗೆ ರಿಬ್ಬನ್ ಹಾಕುವುದು ನನ್ನ ಕೆಲಸ. ಶಾಲಿನಿಂದ ಕೈ ಹೊರಗೆ ತೆಗೆದರೆ ಬೆರಳು ಸೆಟೆದುಕೊಳ್ಳುತ್ತಿದ್ದವು. ಬಾವಿಯ ಆಚೆಯ ಬೇವಿನ ಮರ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಮಾಸ್ತರರು ಕಳಿಸುತ್ತೇನೆಂದ ಚಹಾ ಇನ್ನೂ ಬರಬೇಕಾಗಿದೆ.

ತಮ್ಮ ಎಲ್ಲರಿಗಿಂತ ಬಹಳ ಮುಂದೆ ಬಂದ, ಬರಿಗಾಲಲ್ಲಿ. ನನ್ನ ಮುಖ ನೋಡಿ ನಕ್ಕು, ರಿಬ್ಬನ್ನಿಗೆ ಕತ್ತು ಬಗ್ಗಿಸಿ, ಮಂಜಿನಲ್ಲಿ ಮಾಯವಾದ. ಗೆದ್ದ ಎಂದುಕೊಂಡೆ.

ಕೊನೆಯವನಿಗೂ ರಿಬ್ಬನ್ ಹಾಕಿ ನಾನು ಅದೇ ದಾರಿಯಲ್ಲಿ ಹಿಂತಿರುಗಿದೆ. ದಾರಿ ತೋರಿಸಲು ಮಾಸ್ತರರು ಜಾಲಿ ಗಿಡಗಳಿಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿಸಿದ್ದರು. ದಾರಿ ಕವಲಾಗುವಲ್ಲಿ ಒಂದು ಕಡಲೆ ಹೊಲ. ಚಳಿಗಾಲದಲ್ಲಿ ನಮ್ಮ ಕಡೆಯ ಹೆಂಗಸರು ರಾತ್ರಿಯಿಡೀ ಕಡಲೆ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿಡುತ್ತಾರೆ. ಎಲೆಯ ಹುಳಿ ಇಬ್ಬನಿಯೊಂದಿಗೆ ಬಟ್ಟೆಗಿಳಿಯುತ್ತದೆ. ಬೆಳಿಗ್ಗೆ ಹಿಂಡಿಟ್ಟರೆ ಹೊಟ್ಟೆನೋವಿಗೆ ಮದ್ದು. ಆ ಹೊಲದಲ್ಲೂ ಉದ್ದಕ್ಕೆ ಬಟ್ಟೆಗಳಿದ್ದವು. ಅವುಗಳ ಪಕ್ಕದಲ್ಲಿ ಗಿಡ ತುಳಿದು ಹೋದ ಒಬ್ಬನದೇ ಹೆಜ್ಜೆ. ತುದಿಯ ಬಟ್ಟೆ ಎತ್ತಿ ನೋಡಿದೆ, ಗಂಡಸರ ಧೋತರ, ಮೂಲೆಯಲ್ಲಿ ಅಗಸನ ಕಪ್ಪು ಗುರುತು. ಓಣಿಗೆಲ್ಲ ಒಬ್ಬನೇ ಅಗಸ, ಮನೆಗೊಂದು ಗುರುತು. ಅದು ಮಾಸ್ತರರ ಮನೆಯ ಗುರುತು. ಹೊಟ್ಟೆ ಕೆಟ್ಟವರಿಗೆಲ್ಲ ಕಡಲೆ ಹುಳಿ ಕುಡಿಯಿರಿ ಎಂದು ಓಣಿಯಲ್ಲಿ ಸಾರುತ್ತಿದ್ದವರೂ ಅವರೇ.

ಓಟ ಮುಗಿಯುವ ಮೈದಾನದಲ್ಲಿ ತಮ್ಮ ನೆಲಕ್ಕೆ ಕೂತಿದ್ದ. ಮೂರನೆಯವನು. ಹಿಂದಿದ್ದ ಇಬ್ಬರು ಅವನು ಹೊಲದಲ್ಲಿ ತಡಕಾಡುವುದನ್ನು ಕಂಡು ಬದುವಿನ ದಾರಿ ಹಿಡಿದಿದ್ದರು.

"ಅಕ್ಕಾ, ಕಾಲು ಉರೀಲತ್ತಾವ," ಎಂದ. ಒಡೆದ ಹಿಮ್ಮಡಿಗೆ ಹುಳಿ ಇಳಿದಿತ್ತು.

ಹೊಲದಿಂದ ತಂದ ಒದ್ದೆ ಧೋತರವನ್ನು ಮಾಸ್ತರರ ಮೇಜಿನ ಮೇಲೆ ಒಗೆದೆ. "ಇದು ಯಾರದ್ರಿ ಮಾಸ್ತರ?"

ಗುರುತು ನೋಡಿದರು. "ಹೊಲದಾಗಿನ ಬಟ್ಟಿ ಯಾಕ ತಂದ್ರಿ ಅಕ್ಕೋರ?"

"ನಿಮ್ಮ ಧೋತರ ನೋಡಿ ನನ್ನ ತಮ್ಮ ದಾರಿ ತಪ್ಪ್ಯಾನ. ಹೊಲಾನೂ ನಿಮ್ದೇ, ಹುಳಿ ಕುಡಿಯೋರೂ ನೀವೇ. ಇನ್ನೊಮ್ಮಿ ಓಡಸ್ರಿ."

"ಕಣ್ಣು ಬಿಟ್ಟು ಓಡಬೇಕಿತ್ತು," ಎಂದವರು ಉರ್ದುವಿಗೆ ಹೊರಳಿದರು. ತಪ್ಪು ತಮ್ಮದಾದಾಗಲೆಲ್ಲ ಅವರಿಗೆ ಉರ್ದು ಬರುತ್ತಿತ್ತು. "ರೇಸ್ ಖತಂ, ಬಾತ್ ಖತಂ." ಓಟವೂ ಮುಗಿಯಿತು, ಮಾತೂ ಮುಗಿಯಿತು.

ಆಮೇಲೆ ಧೋತರವನ್ನು ಮಡಚಿ ಪಕ್ಕಕ್ಕಿಟ್ಟುಕೊಂಡರು, ಹುಳಿ ಸೋರದಂತೆ ಬಲು ಜೋಪಾನವಾಗಿ. ಅಷ್ಟು ಜೋಪಾನ ನನ್ನ ತಮ್ಮನ ಮೇಲೆ ಇರಲಿಲ್ಲ.

ಮುಂದಿನ ಚಳಿಗಾಲ ನಮ್ಮ ಹೆಡ್ ಮಿಸ್ಟ್ರೆಸ್ ಕಡೆಯಿಂದ ಮತ್ತೆ ನನಗೇ ಅಪ್ಪಣೆ ಬಂತು. ಅದೇ ಬಾವಿ, ಅದೇ ರಿಬ್ಬನ್. ಹೋಗಿ ನೋಡಿದರೆ ಜಾಲಿ ಗಿಡಗಳ ಮೇಲಿನ ಪಟ್ಟಿಗಳೆಲ್ಲ ಕೆಂಪು.

"ಬಣ್ಣ ಯಾಕ ಬದಲಾತ್ರಿ?" ಎಂದು ಮಾಸ್ತರರನ್ನು ಕೇಳಿದೆ.

"ಮಂಜಿನಾಗ ಛಂದ ಕಾಣ್ತದ," ಎಂದರು, ನನ್ನ ಮುಖ ನೋಡದೆ.

ಹಿಂದಿನ ವರ್ಷವೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ತಮ್ಮ ಆಗ ತಾಂಡೂರಿನ ಮಿಲ್ಲಿನಲ್ಲಿ ಬೇಳೆ ಚೀಲ ಹೊರುತ್ತಿದ್ದ. ರಿಬ್ಬನ್ನುಗಳ ಕಟ್ಟನ್ನು ಅವರ ಕೈಗೆ ತುರುಕಿ, ಆ ಕೆಂಪು ಪಟ್ಟಿಗಳನ್ನೇ ನೋಡಿಕೊಂಡು, ದಾರಿ ತಪ್ಪದೆ ಮನೆಗೆ ಬಂದೆ.