ಗೂಗಿ ಗಿಡದ ಸುತ್ತಿನ ಹುಲ್ಲು

ನಾನು ಕೂಸಿಗೆ ಹಾಲು ಕುಡಿಸಲು ಕೂತಾಗಲೇ ಸಾಹೇಬರಿಗೆ ಮಾತು ನೆನಪಾಗುತ್ತದೆ. ಅವತ್ತೂ ಹಾಗೇ ಆಯಿತು. ಬೇಸಿಗೆಯ ಬೆಂಕಿ ಹಬ್ಬದಿರಲೆಂದು ನಾವು ಹೆಂಗಸರು ಸಲಗರೆ ಕಡೆಯ ಗುಡ್ಡದಲ್ಲಿ ಒಣಹುಲ್ಲು ಕೊಯ್ದು ಬೋಳು ಪಟ್ಟಿ ಬಿಡಿಸುತ್ತಿದ್ದೆವು. ಮಿರಜದಿಂದ ಜೀಪಿನಲ್ಲಿ ಬಂದ ಅರಣ್ಯ ಇಲಾಖೆಯ ಸಾಹೇಬರು ಒಂದು ಒಣಗಿದ ಗಿಡ ತೋರಿಸಿದರು. ಅದರ ಪೊಟರೆಯಲ್ಲಿ ಗೂಗಿ, ಅಂದರೆ ಗೂಬೆ, ಮರಿ ಮಾಡಿತ್ತು.

“ಗೂಗಿಗೆ ತ್ರಾಸ ಆಗಬಾರದು. ಗಿಡದ ಸುತ್ತ ಐವತ್ತು ಹೆಜ್ಜಿ ಯಾರೂ ಕಾಲಿಡಬ್ಯಾಡ್ರಿ.”

“ಕಾಲಿಡದೆ ಹುಲ್ಲು ಹೆಂಗ ಕೊಯ್ಯೂದ್ರಿ ಸಾಹೇಬ್ರ?” ಎಂದೆ ನಾನು.

“ಕೊಯ್ಯಬ್ಯಾಡ್ರಿ. ಹಂಗ ಇರಲಿ.”

“ನಡುಮಟ ಬೆಳದೈತ್ರಿ. ಒಂದು ಕಿಡಿ ಬಿದ್ರ ಮೊದಲ ಇದ ಹತ್ತತೈತಿ.”

“ಆದೇಶದಾಗ ಹಂಗ ಐತಿ ತಾಯಿ.”

ಸುತ್ತ ಸುಣ್ಣದ ಗೆರೆ ಎಳೆಸಿದರು. ಆಮೇಲೆ ತಾವೇ ಗೆರೆ ದಾಟಿ ಹೋಗಿ, ಗಿಡಕ್ಕೆ ಒರಗಿ ನಿಂತು ಫೋಟೊ ತೆಗೆಸಿಕೊಂಡರು. ಗೂಗಿಗೆ ಸಾಹೇಬರ ಬೂಟಿನಿಂದ ತ್ರಾಸ ಆಗುವುದಿಲ್ಲ ಕಾಣುತ್ತದೆ.

ಸಂಜೆಗೆ ನಮ್ಮ ಪಟ್ಟಿ ಅಂಗಳದಂತೆ ನುಣ್ಣಗಾಯಿತು. ನಟ್ಟನಡುವೆ ಆ ಒಣಗಿಡ, ಸುತ್ತಲೂ ಹುಲ್ಲು. ಹೋಳಿ ಹುಣ್ಣಿಮೆಗೆ ಸುಡಲು ಒಟ್ಟಿದ ಹಾಗೇ ಇತ್ತು. ಮೇಲಿಂದ ಮರಿಗಳು ಚೀರುತ್ತಿದ್ದವು.

ಜೊತೆಗೆ ಕೊಯ್ಯುವ ಹಿರಿಯಳು ಸುಶೀಲಾ ಮಾವಶಿ ನನ್ನ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಪೊಟರೆಯನ್ನೇ ನೋಡುತ್ತಿದ್ದಳು.

“ನೀ ಹತ್ತನೇ ಇಯತ್ತೆ ಕಲ್ತಾಕಿ, ನೀನ ಹೇಳು,” ಎಂದಳು. ಆಮೇಲೆ ಮೇಲಕ್ಕೆ ಕೈ ತೋರಿಸಿ ಕೇಳಿದಳು:

“ಆ ಮರಿಗೋಳಿಗೆ ಹಾರಾಕ ಬರೂಮಟ ಬೆಂಕಿ ಕಾಯ್ತೈತೇನ?”